ನಮ್ಮೂರ ಲೈಬ್ರರಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಸಾಹಿತ್ಯದ ಕಾರ್ಯಕ್ರಮ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಕಲ್ಪತರು ನಾಡು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇನೆ. ನಮ್ಮೂರ ಶಾಖಾ ಗ್ರಂಥಾಲಯಕ್ಕೆ ಹೊಸ ಲೈಬ್ರೇರಿಯನ್ ಬಂದಿದ್ದಾರೆ, ಉತ್ಸಾಹ ಇರುವವರು. ಮೊನ್ನೆ ಮಾತಿಗೆ ಮಾತು ಬಂದು "ಯಾರಾದರೂ ಮುಂದೆ ಬಂದರೆ ಇಲ್ಲಿ ಏನಾದರೂ ಮಾಡೋಣ ಮೇಡಂ, ಜಾಗ ನಾನು ಕೊಡುತ್ತೇನೆ" ಎಂದರು. ಹೂಂ ಅಂದು ಬಂದಿದ್ದೇನೆ. ಈಗ ಏನು ಮಾಡುವುದು ಅಂತ ನಿಮ್ಮನ್ನು ಕೇಳುತ್ತಿದ್ದೇನೆ.

ಪರಿಸ್ಥಿತಿ ಹೀಗಿದೆ. ಒಂದು ಹಾಲ್, ಪಕ್ಕದಲ್ಲಿ ಒಂದು ಸಣ್ಣ ರೂಮು, ಮುಂದೆ ಶೀಟು ಹೊದಿಸಿದ ಜಗಲಿ. ಬೆಳಿಗ್ಗೆ ಪೇಪರ್ ಓದಲು ನಿವೃತ್ತರು ಬರುತ್ತಾರೆ. ಉಳಿದ ಹೊತ್ತು ಹಾಲ್ ತುಂಬ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರ ಪುಸ್ತಕ ಅವರೇ ತರುತ್ತಾರೆ, ಲೈಬ್ರರಿಯದ್ದು ಮುಟ್ಟುವುದೇ ಇಲ್ಲ. ಮಕ್ಕಳಂತೂ ಒಬ್ಬರೂ ಕಾಣುವುದಿಲ್ಲ. ಮಕ್ಕಳ ಪುಸ್ತಕ ಇಲ್ಲ ಅಂತಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಕಟ್ಟು ಕಟ್ಟಾಗಿ ಇವೆ, ಇಲಾಖೆಯಿಂದ ಬಂದಾಗ ಕಟ್ಟಿದ್ದ ದಾರ ಕೂಡ ಬಿಚ್ಚಿಲ್ಲ.

ನನಗೆ ಬೇಕಿರುವುದು ಮಕ್ಕಳಿಗೆ ಒಂದು, ದೊಡ್ಡವರಿಗೆ ಒಂದು, ತಿಂಗಳು ತಿಂಗಳೂ ನಡೆಯುವಂಥದ್ದು. ದುಡ್ಡು ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅಂದುಕೊಳ್ಳಿ. ಮೊದಲೇ ಹೇಳಿಬಿಡುತ್ತೇನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ, ಅಧ್ಯಕ್ಷರ ನುಡಿ, ವಂದನಾರ್ಪಣೆ, ಈ ಸರಣಿ ನನಗೆ ಬೇಡ. ಅದರಲ್ಲಿ ಪುಸ್ತಕದ ಮಾತು ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದರ್ಧ ಜನ ಉಪ್ಪಿಟ್ಟು ಕೇಸರಿಬಾತಿಗೆ ಕಾಯುತ್ತಿರುತ್ತಾರೆ. ನಿಮ್ಮೂರಲ್ಲಿ ಯಾರಾದರೂ ಮಾಡಿದ್ದರೆ ಹೇಳಿ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ?

ಹಳೇ ಕ್ಯಾಟಲಾಗ್ ಕಾರ್ಡು

ಮೇಡಂ, ನಾನು ಗ್ರಂಥಾಲಯ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಕಾಗದದ ವಿಷಯ ಮುಗಿಸಿಕೊಳ್ಳಿ. ಲೈಬ್ರೇರಿಯನ್ ಬಾಯಿಮಾತಲ್ಲಿ ಒಪ್ಪಿದರೆ ಸಾಲದು. ನಾಳೆ ಅವರಿಗೆ ವರ್ಗ ಆದರೆ ನಿಮ್ಮ ಕಾರ್ಯಕ್ರಮಕ್ಕೂ ವರ್ಗ ಆಗುತ್ತದೆ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಯಾರು ನಡೆಸುತ್ತಾರೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಅವರ ಮೂಲಕವೇ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕಳಿಸಿ, ಒಂದು ಪ್ರತಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸಂಕೋಚ ಬೇಡ, ನೀವು ದಾನ ಕೇಳುತ್ತಿಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿ ತೆಗೆದು ನೋಡಿ, ಒಂದು ಸಾಲು ಅದಕ್ಕೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಆ ಹಾಲ್ ನಡೆಯುತ್ತಿರುವುದು ನಿಮ್ಮ ದುಡ್ಡಿನಲ್ಲೇ.

ಎರಡನೆಯದು ಆ ದಾರ ಬಿಚ್ಚದ ಕಟ್ಟು. ಅದಕ್ಕೆ ಸೋಮಾರಿತನ ಕಾರಣ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಪುಸ್ತಕ ಕಳೆದರೆ, ಹರಿದರೆ, ಆಡಿಟ್‌ನಲ್ಲಿ ಲೆಕ್ಕ ಕೊಡಬೇಕಾದವರು ಲೈಬ್ರೇರಿಯನ್. ಮಕ್ಕಳ ಕೈಗೆ ಕೊಟ್ಟರೆ ಹರಿಯುತ್ತದೆ, ಬೀರುವಿನಲ್ಲಿದ್ದರೆ ಹರಿಯುವುದಿಲ್ಲ, ಅಷ್ಟೇ ಲೆಕ್ಕಾಚಾರ. ಆ ಭಯ ಹೋಗಿಸದೆ ಯಾವ ಕಾರ್ಯಕ್ರಮ ಮಾಡಿದರೂ ಪ್ರಯೋಜನ ಇಲ್ಲ. ಒಂದು ದಾರಿ ಇದೆ. ಊರವರಿಂದ ದಾನವಾಗಿ ಬಂದ ಮಕ್ಕಳ ಪುಸ್ತಕಗಳನ್ನು ದಾಸ್ತಾನು ವಹಿಗೆ ಸೇರಿಸದೆ ಬೇರೆಯೇ ಒಂದು ಬುಟ್ಟಿಯಲ್ಲಿ ಇಡಿ. ಅದು ಹರಿಯಲಿ, ಕೊಳೆಯಾಗಲಿ, ಯಾರೂ ಕೇಳುವುದಿಲ್ಲ. ಬುಟ್ಟಿಯ ಪುಸ್ತಕ ಓದಿ ರೂಢಿಯಾದ ಮಗು ಬೀರುವಿನ ಪುಸ್ತಕವನ್ನು ಕಾರ್ಡು ಮಾಡಿಸಿ ಒಯ್ಯಲಿ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು, ಅದರ ಮೊದಲನೆಯದೇ ಪುಸ್ತಕ ಇರುವುದು ಬಳಸುವುದಕ್ಕೆ ಅಂತ. 1962ರಲ್ಲಿ ಅವರು ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ತರಬೇತಿ ಕೇಂದ್ರ ಕಟ್ಟಿದರು, ಕೊನೆಯವರೆಗೂ ಇಲ್ಲೇ ಇದ್ದರು. ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಅವರ ಫೋಟೋಗೆ ಹಾರ ಹಾಕುತ್ತೇವೆ. ಮಾರನೇ ದಿನ ಬೀರುವಿಗೆ ಬೀಗ ಹಾಕುತ್ತೇವೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎಷ್ಟು ಕುರ್ಚಿ ತುಂಬಿತು ಅಂತ ಲೆಕ್ಕ ಹಾಕಬೇಡಿ. ಆವತ್ತು ಎಷ್ಟು ಪುಸ್ತಕ ಮನೆಗೆ ಹೋಯಿತು ಅಂತ ನೋಡಿ. ಕಥೆ ಹೇಳಿದ ಪುಸ್ತಕ, ಅದರ ಜೊತೆಗೆ ಅಂಥದ್ದೇ ಇನ್ನಷ್ಟು, ಬಾಗಿಲ ಹತ್ತಿರ ಟೇಬಲ್ ಮೇಲೆ ಇರಬೇಕು. ಇಶ್ಯೂ ರಿಜಿಸ್ಟರ್ ತೆರೆದೇ ಇರಬೇಕು.

ಇನ್ನೊಂದು ಮಾತು. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಇರುತ್ತದೆ, ಆಗಲೇ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಬೇಡಿ. ಸಪ್ತಾಹ ಅಂದ ಕೂಡಲೇ ನಿಮಗೆ ಬೇಡವಾದ ಆ ಸರಣಿ ಪೂರ್ತಿ ಬರುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಮುಂಚೆ ಸದ್ದಿಲ್ಲದೆ ಶುರು ಮಾಡಿ. ಸಪ್ತಾಹ ಬರುವ ಹೊತ್ತಿಗೆ ನಿಮ್ಮ ಹತ್ತಿರ ಖಾಯಂ ಮಕ್ಕಳಿರುತ್ತಾರೆ, ಆಗ ವೇದಿಕೆ ಮೇಲೆ ಅವರೇ ಓದಲಿ.

ಕೀ ಆನ್ಸರ್

ನಾನು ನೀವು ಹೇಳಿದ ಆ ಹಾಲ್ ತುಂಬ ಕೂತಿರುವ ಹುಡುಗರಲ್ಲಿ ಒಬ್ಬ, ಊರು ಬೇರೆ ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ಆದರೆ ಹೇಳಲೇಬೇಕು. ನಾವು ಅಲ್ಲಿ ಕೂರುವುದು ಷೋಕಿಗಲ್ಲ. ಮನೆಯಲ್ಲಿ ಒಂದೇ ರೂಮು, ಟಿವಿ ಅಲ್ಲೇ, ಅಡುಗೆ ಅಲ್ಲೇ. ಪಿಜಿ, ಖಾಸಗಿ ಸ್ಟಡಿ ಹಾಲ್‌ಗೆ ದುಡ್ಡು ಕೊಡುವ ಶಕ್ತಿ ಇಲ್ಲ. ನಮ್ಮೂರ ಲೈಬ್ರರಿಯಲ್ಲಿ ಒಮ್ಮೆ ಕವಿಗೋಷ್ಠಿ ಅಂತ ಹೇಳದೆ ಕೇಳದೆ ಮೈಕ್ ಹಚ್ಚಿದರು. ನಮ್ಮನ್ನೆಲ್ಲ ಎಬ್ಬಿಸಿ, ಕೊನೆಗೆ ಕುರ್ಚಿ ಖಾಲಿ ಕಾಣುತ್ತದೆ ಅಂತ ನಮ್ಮನ್ನೇ ಮುಂದೆ ಕೂರಿಸಿದರು. ಪ್ರಿಲಿಮ್ಸ್‌ಗೆ ಒಂದು ವಾರ ಇತ್ತು.

ಕಾರ್ಯಕ್ರಮ ಮಾಡಿ, ಬೇಡ ಅನ್ನುವುದಿಲ್ಲ. ಹಾಲ್ ಮುಟ್ಟಬೇಡಿ.

ಜಗಲಿ ಮಾತು

ಲೈಬ್ರರಿ ಇರುವುದು ಕೋಚಿಂಗ್ ಸೆಂಟರ್ ಆಗಲಿಕ್ಕಲ್ಲ ತಮ್ಮಾ. ಕಥೆ ಕಾದಂಬರಿ ಓದುವವರು ಬಂದರೆ ಕೂರಲು ಜಾಗ ಇಲ್ಲ, ನಿಮ್ಮ ಬ್ಯಾಗು, ನೀರಿನ ಬಾಟಲಿ, ಟವೆಲ್ ಹಾಕಿ ಬೆಳಿಗ್ಗೆಯೇ ಸೀಟು ಹಿಡಿದಿರುತ್ತೀರಿ.

ಕೀ ಆನ್ಸರ್

ಸರ್, ಕಥೆ ಕಾದಂಬರಿ ಓದುವವರು ಬಂದು ಜಾಗ ಇಲ್ಲದೆ ವಾಪಸ್ ಹೋದದ್ದನ್ನು ನಾನಂತೂ ನೋಡಿಲ್ಲ. ಬಂದರೆ ಎದ್ದು ಜಾಗ ಕೊಡುತ್ತೇನೆ.

ಅರಿವು ಕೇಂದ್ರದವ

ಇಬ್ಬರೂ ಜಗಳ ನಿಲ್ಲಿಸಿ 😀 ಜಗಲಿ ಇದೆಯಲ್ಲ, ಅಲ್ಲೇ ಮಾಡಿದರೆ ಆಯಿತು.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ನಮ್ಮವು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. ರಾಜ್ಯದಲ್ಲಿ ಇಂಥವು 5 ಸಾವಿರಕ್ಕೂ ಜಾಸ್ತಿ ಇವೆ. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ, 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವುದು ಶುರುವಾಯಿತು. ಅಲ್ಲಿಂದ ಈಚೆಗೆ ನಾನು ಕಂಡದ್ದನ್ನು ಹೇಳುತ್ತೇನೆ.

ಶಾಲೆಯವರಿಗೆ ಹೇಳಿ ಮಕ್ಕಳನ್ನು ಕರೆಸಿಕೊಳ್ಳಬೇಡಿ. ಮೇಷ್ಟ್ರು ಸಾಲು ಮಾಡಿಸಿ ಕಳಿಸುತ್ತಾರೆ. ಮಕ್ಕಳು ಕೈಕಟ್ಟಿ ಕೂರುತ್ತಾರೆ. ಕಥೆ ಮುಗಿದ ಮೇಲೆ "ಇದರ ನೀತಿ ಏನು" ಅಂತ ನಾವೂ ಕೇಳಿಬಿಟ್ಟರೆ ಮುಗಿಯಿತು, ಅದು ಇನ್ನೊಂದು ಪೀರಿಯಡ್. ನೀತಿ ಕೇಳಬೇಡಿ, ಪ್ರಶ್ನೆ ಕೇಳಬೇಡಿ, ಸಾರಾಂಶ ಬರೆಸಬೇಡಿ. ಅವರಾಗಿ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ಅಕ್ಷರ ಇನ್ನೂ ಕೂಡುವುದಿಲ್ಲ. ಒಂದು ದಿನ ಚಿತ್ರದ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು, ಬೆರಳು ಸಾಲಿನ ಮೇಲೆ ಓಡಿಸುತ್ತಾ, ತಂಗಿಗೆ ಜೋರಾಗಿ ಓದಿ ಹೇಳುತ್ತಿದ್ದ. ಪುಸ್ತಕದಲ್ಲಿ ಇದ್ದದ್ದೇ ಬೇರೆ, ಇವನು ಹೇಳುತ್ತಿದ್ದದ್ದೇ ಬೇರೆ. ಹುಲಿಗೆ ಅವನ ಚಿಕ್ಕಪ್ಪನ ಹೆಸರಿಟ್ಟಿದ್ದ, ಹುಲಿ ಬೀಡಿ ಸೇದುತ್ತಿತ್ತು. ಪುಟ ಮಾತ್ರ ಸರಿಯಾದ ಜಾಗದಲ್ಲೇ ತಿರುಗಿಸುತ್ತಿದ್ದ. ಈಗ ನಮ್ಮಲ್ಲಿ ಕಥೆ ದಿನ ಅಂದರೆ ಮೊದಲು ಅವನೇ ಹೇಳಬೇಕು ಅಂತ ಉಳಿದ ಮಕ್ಕಳು ಹಟ ಹಿಡಿಯುತ್ತವೆ.

ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಲ್ಲಿ ಶುರುವಾದದ್ದು, ಕನ್ನಡದಲ್ಲೂ ತುಂಬಾ ಕಥೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಿದರೂ ತೊಂದರೆ ಇಲ್ಲ. ಓದಿನ ಹಂತ 1ರಿಂದ 4ರವರೆಗೆ ವಿಂಗಡಿಸಿರುತ್ತಾರೆ. ಗುಂಪಿನಲ್ಲಿ ಓದಿ ಹೇಳಲು ಹಂತ 1 ಮತ್ತು 2 ಸಾಕು, ಸಾಲು ಕಡಿಮೆ, ಚಿತ್ರ ಜಾಸ್ತಿ. ಓದುವಾಗ ಪುಸ್ತಕ ಪಕ್ಕಕ್ಕೆ ಹಿಡಿಯಿರಿ, ಚಿತ್ರ ಮಕ್ಕಳ ಕಡೆಗೇ ಇರಲಿ, ನಿಮ್ಮ ಕಡೆಗಲ್ಲ. ಚಿಕ್ಕ ವಿಷಯ, ಆದರೆ ಎಷ್ಟೋ ಜನ ತಾವು ಓದಿ ಮುಗಿಸಿ ಆಮೇಲೆ ಪುಸ್ತಕ ತಿರುಗಿಸಿ ತೋರಿಸುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕಿತ್ತಾಟ ಶುರುವಾಗಿರುತ್ತದೆ.

ಕಲ್ಪತರು ನಾಡು

ಎಲ್ಲರಿಗೂ ಥ್ಯಾಂಕ್ಸ್. ಕ್ಯಾಟಲಾಗ್ ಕಾರ್ಡು ಸರ್, ಆ ಬುಟ್ಟಿಯ ಉಪಾಯ ಲೈಬ್ರೇರಿಯನ್ ಅವರಿಗೆ ಹೇಳಿದೆ, ಅವರ ಮುಖ ಅರಳಿತು. ಕೀ ಆನ್ಸರ್, ಹಾಲ್ ಮುಟ್ಟುವುದಿಲ್ಲ, ಮೈಕ್ ಹಚ್ಚುವುದಿಲ್ಲ, ಮಾತು ಕೊಟ್ಟಿದ್ದೇನೆ.

ಮಕ್ಕಳದ್ದು ಈಗ ದಾರಿ ಕಾಣುತ್ತಿದೆ. ದೊಡ್ಡವರದ್ದೇ ತಲೆನೋವು. ಬುಕ್ ಕ್ಲಬ್ ಥರ ಮಾಡೋಣ ಅಂದುಕೊಂಡೆ. ಆದರೆ ಯಾವ ಕಾದಂಬರಿ ಹುಡುಕಿದರೂ ಲೈಬ್ರರಿಯಲ್ಲಿ ಇರುವುದು ಒಂದೋ ಎರಡೋ ಪ್ರತಿ. ಎಲ್ಲರೂ ಕೊಂಡು ಓದಿಕೊಂಡು ಬನ್ನಿ ಅಂದರೆ ಯಾರೂ ಬರುವುದಿಲ್ಲ. ಮನೆ ಕೆಲಸ ಮುಗಿಸಿ ಬರುವ ಹೆಂಗಸರಿಗೆ ತಿಂಗಳಿಗೆ 300 ಪುಟ ಅನ್ನುವುದು ಸುಮ್ನೆ ಆಗದ ಮಾತು.

ತುಂಗೆಯ ದಂಡೆ

ಓದಿಕೊಂಡು ಯಾಕೆ ಬರಬೇಕು? ಅಲ್ಲೇ ಓದಿ. ಒಂದು ಪ್ರತಿ ಸಾಕು.

ನಮ್ಮ ಕಡೆ ಓದುವುದು ಅಂದರೆ ಒಬ್ಬರು ಓದುವುದು, ಊರೆಲ್ಲ ಕೇಳುವುದು. ಮಳೆ ಬರದಿದ್ದರೆ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ನಿಮ್ಮ ಕಡೆಯೂ ಇದ್ದಿರಬೇಕು. ಅಕ್ಷರ ಬಾರದವರಿಗೂ ಮಹಾಭಾರತದ ಸಂದರ್ಭ ಪೂರ್ತಿ ಗೊತ್ತಿರುತ್ತಿತ್ತು, ಯಾಕೆಂದರೆ ಕೇಳಿದ್ದರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯನ್ನು ಗಮಕ ಗ್ರಾಮ ಅನ್ನುತ್ತಾರೆ, ಹೊಳೆಯ ಈಚೆ ದಡಕ್ಕೆ ಮತ್ತೂರು, ಆಚೆ ದಡಕ್ಕೆ ಅದು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಪದ್ಯ ವಾಚನ ಮಾಡುತ್ತಾರೆ, ರಾಗ ಇರುತ್ತದೆ ಆದರೆ ಪದ ನುಂಗುವ ಹಾಗಿಲ್ಲ. ಪಕ್ಕದಲ್ಲಿ ಕೂತವರು ಅದರ ವ್ಯಾಖ್ಯಾನ ಮಾಡುತ್ತಾರೆ. ಎರಡು ಕುರ್ಚಿ, ಒಂದು ಶ್ರುತಿಪೆಟ್ಟಿಗೆ, ಇಷ್ಟೇ ಖರ್ಚು. ಈಗ ಶ್ರುತಿಯೂ ಮೊಬೈಲಿನಲ್ಲೇ ಬಂದಿದೆ. ನಿಮ್ಮ ಜಿಲ್ಲೆಯಲ್ಲೂ ಗಮಕಿಗಳು ಇದ್ದೇ ಇರುತ್ತಾರೆ, ಕರ್ನಾಟಕ ಗಮಕ ಕಲಾ ಪರಿಷತ್ತಿನವರನ್ನು ಕೇಳಿದರೆ ಹೇಳುತ್ತಾರೆ. ಪೇಪರ್ ಓದಲು ಬರುವ ನಿಮ್ಮ ನಿವೃತ್ತರು ಇದಕ್ಕೆ ಖಂಡಿತಾ ಕೂರುತ್ತಾರೆ, ಅವರಲ್ಲೇ ಒಬ್ಬಿಬ್ಬರು "ನಾನೂ ಹಿಂದೆ ವಾಚನ ಮಾಡುತ್ತಿದ್ದೆ" ಅಂತ ಹೊರಬಂದರೂ ಬಂದರು.

ಹಳಗನ್ನಡ, ನಡುಗನ್ನಡ ಅಂದರೆ ಹೆದರುವವರಿಗೆ ಸಣ್ಣ ಕಥೆ ಇಡಿ. ಹತ್ತು ಹನ್ನೆರಡು ಪುಟದ್ದು. ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಒಬ್ಬೊಬ್ಬರು ಒಂದೊಂದು ಪುಟ ಜೋರಾಗಿ ಓದಬೇಕು. ಓದಲು ಸಂಕೋಚ ಇರುವವರು ಪಕ್ಕದವರಿಗೆ ದಾಟಿಸಿದರೆ ಆಯಿತು, ಒತ್ತಾಯ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಆಮೇಲೆ ಮಾತಾಡಿ ಅಂತ ಯಾರೂ ಹೇಳಬೇಕಿಲ್ಲ. "ಆ ಸೊಸೆ ಹಾಗೆ ಮಾಡಬಾರದಿತ್ತು" ಅಂತ ಒಬ್ಬರು ಅಂದರೆ ಸಾಕು, ಚರ್ಚೆ ತಾನಾಗಿ ಶುರುವಾಗುತ್ತದೆ, ಬೀಗ ಹಾಕುವ ಹೊತ್ತಾದರೂ ನಿಲ್ಲುವುದಿಲ್ಲ. ವಿಮರ್ಶಕರನ್ನು ಮಾತ್ರ ಕರೆಯಬೇಡಿ, ಕನಿಷ್ಠ ಮೊದಲ ವರ್ಷ. ಅವರು ಬಂದರೆ ಉಳಿದವರು ಬಾಯಿ ಬಿಡುವುದಿಲ್ಲ.

ಲೇಖಕರನ್ನು ಕರೆಸುವುದಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದವರ ಹತ್ತಿರ ಮಾತಾಡಿ. ದತ್ತಿ ಉಪನ್ಯಾಸ ಅಂತ ಅವರ ಹತ್ತಿರ ಇರುತ್ತದೆ, ಯಾರೋ ತಂದೆ ತಾಯಿ ಹೆಸರಲ್ಲಿ ಇಟ್ಟ ಠೇವಣಿಯ ಬಡ್ಡಿಯಲ್ಲಿ ನಡೆಸಬೇಕಾದದ್ದು. ವರ್ಷ ಮುಗಿಯುವುದರೊಳಗೆ ಎಲ್ಲಾದರೂ ಮುಗಿಸಬೇಕು ಅಂತ ಅವರೇ ಕಾಲೇಜು ಕಾಲೇಜು ಸುತ್ತುತ್ತಿರುತ್ತಾರೆ. ಲೈಬ್ರರಿಯಲ್ಲಿ ಮಾಡಿ ಅಂದರೆ ಒಪ್ಪುತ್ತಾರೆ. ಜಾಗ ಸಣ್ಣದು, ಜನ ಕಮ್ಮಿ, ಬಂದ ಲೇಖಕರು ತಮ್ಮ ಪುಸ್ತಕದಿಂದ ಒಂದಿಷ್ಟು ಓದಿ ಜನರ ಪ್ರಶ್ನೆಗೆ ಉತ್ತರಿಸಲಿ ಅಂತ ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ. ಶಾಲು ತಂದೇ ತರುತ್ತಾರೆ, ಅದನ್ನು ತಡೆಯಲು ನಿಮ್ಮಿಂದ ಆಗುವುದಿಲ್ಲ.

ಕೀ ಆನ್ಸರ್

ಮೈಕ್ ಇಲ್ಲ ಅಂದದ್ದಕ್ಕೆ ಥ್ಯಾಂಕ್ಸ್ ಅಕ್ಕ. ಇನ್ನೊಂದು ಐಡಿಯಾ. ಬೆಂಗಳೂರಲ್ಲಿ ಕಬ್ಬನ್ ರೀಡ್ಸ್ ಅಂತ ಇದೆ, ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿ ಅವರವರ ಪುಸ್ತಕ ಓದುತ್ತಾರೆ. ಮಾತಿಲ್ಲ, ಭಾಷಣ ಇಲ್ಲ, ಫೀಸಿಲ್ಲ. ಈಗ ಬೇರೆ ಊರುಗಳಿಗೂ ಹಬ್ಬಿದೆ. ಕೋಚಿಂಗ್‌ಗೆ ಅಂತ ಬೆಂಗಳೂರಲ್ಲಿದ್ದಾಗ ಹೋಗುತ್ತಿದ್ದೆ, ಜನರಲ್ ಸ್ಟಡೀಸ್ ಬಿಟ್ಟು ಬೇರೆ ಏನಾದರೂ ಓದಿದ್ದು ಅಲ್ಲೇ. ನಿಮ್ಮ ಲೈಬ್ರರಿಯಲ್ಲಿ ಇದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ. ವಾರಕ್ಕೆ ಒಂದು ಗಂಟೆ ಗೈಡು ಮುಚ್ಚಿಟ್ಟು ಲೈಬ್ರರಿಯ ಪುಸ್ತಕ ಒಂದನ್ನು ಓದೋಣ ಅಂತ ಬೋರ್ಡ್ ಹಾಕಿ. ಎಲ್ಲರೂ ಬರುವುದಿಲ್ಲ, ಕೆಲವರು ಬಂದೇ ಬರುತ್ತಾರೆ. ಹೇಗೂ ಕಡ್ಡಾಯ ಕನ್ನಡ ಪೇಪರ್ ಪಾಸಾಗಬೇಕಲ್ಲ, ಆ ಆಸೆ ತೋರಿಸಿದರೂ ಆಯಿತು.

ಮತ್ತೆ ಮಕ್ಕಳಿಗೆ ಕ್ವಿಜ್ ಮಾಡುವುದಾದರೆ ಕರೆಯಿರಿ. ನಮ್ಮಂಥವರ ಹತ್ತಿರ ಪ್ರಶ್ನೆಗೆ ಬರ ಇಲ್ಲ.

ಹೊರನಾಡ ಅಮ್ಮ

ನಾನು ಅಮೆರಿಕದಲ್ಲಿ ಇರುವವಳು, ಇಲ್ಲಿಯ ಹಾಗೆ ನಿಮ್ಮಲ್ಲಿಯೂ ಮಾಡಿ ಅಂತ ಹೇಳಲು ಬಂದಿಲ್ಲ. ಅವರ ಬಜೆಟ್ ಬೇರೆ, ಸಿಬ್ಬಂದಿ ಬೇರೆ. ಆದರೆ ನಮ್ಮೂರ ಪಬ್ಲಿಕ್ ಲೈಬ್ರರಿಯಲ್ಲಿ ನಾವು ಕೆಲವರು ಸೇರಿ ಕನ್ನಡ ಕಥೆ ಸಮಯ ನಡೆಸುತ್ತೇವೆ, ಅಲ್ಲಿ ಕಲಿತ ಒಂದೆರಡು ಸಂಗತಿ ದುಡ್ಡಿಲ್ಲದೆಯೂ ಆಗುವಂಥವು.

ವಯಸ್ಸು ಬೆರೆಸಬೇಡಿ. 3 ವರ್ಷದ ಮಗುವಿಗೂ 11 ವರ್ಷದ ಹುಡುಗನಿಗೂ ಒಂದೇ ಕಥೆ ಹೇಳಿದರೆ ಇಬ್ಬರಿಗೂ ಬೇಜಾರು. ಇಲ್ಲಿ ಪುಟ್ಟ ಮಕ್ಕಳದ್ದು ಅರ್ಧ ಗಂಟೆ ದಾಟುವುದಿಲ್ಲ, ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರಲೇಬೇಕು. ಬಿಟ್ಟು ಬಜಾರಿಗೆ ಹೋಗುವ ಹಾಗಿಲ್ಲ. ಇದು ನಿಮ್ಮಲ್ಲಿ ತುಂಬಾ ಮುಖ್ಯ. ಇಲ್ಲದಿದ್ದರೆ ಎರಡನೇ ವಾರಕ್ಕೇ ನಿಮ್ಮದು ಉಚಿತ ಬೇಬಿ ಸಿಟ್ಟಿಂಗ್ ಆಗುತ್ತದೆ.

ಪ್ರತಿ ಸಲವೂ ಶುರುವಿಗೆ ಒಂದೇ ಹಾಡು, ಕೊನೆಗೆ ಒಂದೇ ಹಾಡು. ನಮಗೆ ಸಾಕಾಗಿ ಹೋಗುತ್ತದೆ, ಮಕ್ಕಳಿಗೆ ಆಗುವುದಿಲ್ಲ. ಹಾಡು ಶುರುವಾದರೆ ಓಡುತ್ತಿದ್ದವರೂ ಬಂದು ಕೂರುತ್ತಾರೆ. ಅಜ್ಜಿಯರಿದ್ದರೆ ಒಗಟು ಹೇಳಿಸಿ. ನಮ್ಮಲ್ಲಿ ಊರಿಂದ ಬಂದ ಅಜ್ಜಿಯರು ವೀಸಾ ಮುಗಿಯುವ ತನಕ ಕಾರ್ಯಕ್ರಮದ ಜೀವಾಳ, ಅವರು ಹೊರಟರೆ ಮಕ್ಕಳೇ ಕೇಳುತ್ತವೆ, ಒಗಟಿನ ಅಜ್ಜಿ ಎಲ್ಲಿ ಅಂತ.

ಇನ್ನು ಬೇಸಿಗೆ ರಜೆಯ ಓದಿನ ಪಟ್ಟಿ. ಇಲ್ಲಿ ಹೆಚ್ಚುಕಮ್ಮಿ ಪ್ರತಿ ಲೈಬ್ರರಿಯೂ ರಜೆಯಲ್ಲಿ ಮಾಡುತ್ತದೆ. ಮಕ್ಕಳಿಗೆ ಒಂದು ಹಾಳೆ ಕೊಡುತ್ತಾರೆ, ಓದಿದ ಪುಸ್ತಕಕ್ಕೆ ಒಂದು ಚೌಕಕ್ಕೆ ಬಣ್ಣ ತುಂಬಬೇಕು, ತುಂಬಿದ ಹಾಳೆ ತಂದರೆ ಒಂದು ಪುಸ್ತಕ ಬಹುಮಾನ. ಯಾರು ಜಾಸ್ತಿ ಓದಿದರು ಅನ್ನುವ ಸ್ಪರ್ಧೆ ಮಾತ್ರ ಇಡಬೇಡಿ. ನಮ್ಮ ಜನ ಗೊತ್ತಲ್ಲ, ಅಪ್ಪ ಅಮ್ಮಂದಿರೇ ಬಣ್ಣ ತುಂಬಿ ಕಳಿಸುತ್ತಾರೆ.

ಕಲ್ಪತರು ನಾಡು

ಈಗ ಸ್ಪಷ್ಟ ಆಯಿತು. ಲೈಬ್ರೇರಿಯನ್ ಜೊತೆ ಕೂತು ಹೀಗೆ ಬರೆದುಕೊಂಡಿದ್ದೇವೆ. ತಿಂಗಳ ಮೊದಲ ಭಾನುವಾರ ಸಂಜೆ 4ಕ್ಕೆ ಜಗಲಿಯಲ್ಲಿ ಮಕ್ಕಳ ಕಥೆ, ಮೊದಲು ಪುಟ್ಟವರದ್ದು, ಅದು ಮುಗಿದ ಮೇಲೆ ದೊಡ್ಡ ಮಕ್ಕಳದ್ದು. ಮೂರನೇ ಭಾನುವಾರ ಸಣ್ಣ ರೂಮಿನಲ್ಲಿ ದೊಡ್ಡವರ ಓದು, ಒಂದು ಕಥೆ, ಒಂದು ಪ್ರತಿ. ಗಮಕ ಒಮ್ಮೆ ನೋಡೋಣ ಅಂದಿದ್ದಾರೆ, ಪೇಪರ್ ಓದುವ ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಆಗಲೇ ಕಂಠ ಸರಿ ಮಾಡಿಕೊಳ್ಳುತ್ತಿದ್ದಾರೆ. ಕೀ ಆನ್ಸರ್ ಹೇಳಿದ ಮೌನ ಓದಿಗೆ ಹಾಲ್‌ನ ಹುಡುಗಿಯರಿಬ್ಬರು ಒಪ್ಪಿದ್ದಾರೆ, ಅವರೇ ಬೋರ್ಡ್ ಬರೆಯುತ್ತಾರಂತೆ. ಜಿಲ್ಲಾ ಕೇಂದ್ರಕ್ಕೆ ಪತ್ರ ಹೋಗಿದೆ, ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ.

ಒಂದೇ ಪ್ರಶ್ನೆ ಉಳಿದಿದೆ. ಮೊದಲ ದಿನಕ್ಕೆ ನಾನು, ಲೈಬ್ರೇರಿಯನ್, ನನ್ನ ಗೆಳತಿ, ಮೂವರೇ ಇರುವುದು. ಸಾಕಾ?

ಅರಿವು ಕೇಂದ್ರದವ

ಕಥೆ ಹೇಳಲು ಒಬ್ಬರು ಸಾಕು, ಪುಟ್ಟವರನ್ನು ನೋಡಿಕೊಳ್ಳಲು ಅಪ್ಪ ಅಮ್ಮ ಇರುತ್ತಾರೆ. ಕಷ್ಟ ಇರುವುದು ಇಶ್ಯೂ ಟೇಬಲ್ ಹತ್ತಿರ, ಅಲ್ಲಿ ಇಬ್ಬರನ್ನು ಕೂರಿಸಿ. ಕಥೆ ಮುಗಿದ ಕೂಡಲೇ ಎಲ್ಲ ಮಕ್ಕಳೂ ನೀವು ಓದಿದ ಅದೇ ಪುಸ್ತಕ ಬೇಕು ಅಂತ ಮುಗಿಬೀಳುತ್ತವೆ. ಒಂದು ಪೆನ್ನು, ಹರಿದ ಕಾಗದದ ಚೂರು ರೆಡಿ ಇಟ್ಟುಕೊಳ್ಳಿ, ಚೀಟಿ ಎತ್ತಬೇಕಾಗುತ್ತದೆ.